ಲಾಗಿನ್ ಆದವರೇ ಹಾಜರು

ಆ ನಿಯಮ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆಯವರಿಗೆ ಬೈಯುವುದು ಬೇಕಾದಷ್ಟು ಉಂಟು. ಓದಿ ಮುಗಿಸಿದ ಮೇಲೆ ಯಾರೂ ‘ಈ ಹೆಂಗಸಿನದ್ದು ಏನೂ ತಪ್ಪಿಲ್ಲವಾ’ ಅಂತ ಕೇಳುವ ಹಾಗೆ ಆಗಬಾರದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದೆ. ವಿಶ್ವವಿದ್ಯಾನಿಲಯದಿಂದ ಒಬ್ಬ ಪ್ರಾಧ್ಯಾಪಕರು ಒಂದು ಸಂಶೋಧನೆ ಹಿಡಿದುಕೊಂಡು ಬಂದರು. ಕಂಪ್ಯೂಟರಿನಲ್ಲಿ ಪಾಠ ಕೊಟ್ಟರೆ ನಮ್ಮ ಕಡೆಯ ಮಕ್ಕಳು ಕಲಿಯುತ್ತಾರಾ, ಅಂಥ ಪಾಠವನ್ನು ಹೇಗೆ ಕಟ್ಟಬೇಕು, ಇದು ಅವರ ಪ್ರಶ್ನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಹೀಗೆ ಮೂರು ಕಡೆಯ ಮೂರು ಕಾಲೇಜು. ಕೊನೆಯ ವರ್ಷದ ಭೌತಶಾಸ್ತ್ರದಲ್ಲಿ ಬೆಳಕಿನ ಭಾಗ ಪೂರ್ತಿ ಆನ್‌ಲೈನ್. ಪಾಠ ಬರೆಯುವವಳು ನಾನು, ಪ್ರಶ್ನೆ ತಯಾರಿಸುವವರು ಬಂಟ್ವಾಳದ ಉಪನ್ಯಾಸಕರು, ಪ್ರಾಧ್ಯಾಪಕರು ಮುಖ್ಯ ಸಂಶೋಧಕರು. ಅಂದರೆ ಕೆಲಸ ನಮ್ಮದು, ಪ್ರಬಂಧ ಅವರದ್ದು. ಬೆಳ್ತಂಗಡಿಯ ಉಪನ್ಯಾಸಕಿ ಆಗಷ್ಟೇ ಹೆರಿಗೆ ರಜೆಗೆ ಹೋಗಿದ್ದರಿಂದ ಅಲ್ಲಿಯ ಆನ್‌ಲೈನ್ ಗಂಟೆಗಳ ಜವಾಬ್ದಾರಿಯೂ ನನ್ನ ತಲೆಗೆ ಬಿತ್ತು.

ಜೂನ್ ತಿಂಗಳಿನಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಸಭೆ ಸೇರಿದೆವು. ಪಾಠವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡುವುದು. ಪ್ರತಿ ತುಂಡಿನ ತಲೆಯಲ್ಲಿ ಕಲಿಕೆಯ ಉದ್ದೇಶ, ಬಾಲದಲ್ಲಿ ಐದು ಪ್ರಶ್ನೆ. ನಾಲ್ಕಕ್ಕೆ ಸರಿ ಉತ್ತರ ಬಂದರೆ ಮಾತ್ರ ಮುಂದಿನ ತುಂಡು ತೆರೆಯುತ್ತದೆ, ಇಲ್ಲದಿದ್ದರೆ ಪುನಃ ಮೊದಲಿನಿಂದ ಓದಬೇಕು. ಲೆನ್ಸನ್ನು ಗಾಜಿನ ಮೇಲಿಟ್ಟಾಗ ಕಾಣುವ ನ್ಯೂಟನ್ನನ ಉಂಗುರಗಳ ಚಿತ್ರವನ್ನು ಚಲಿಸುವ ಹಾಗೆ ಮಾಡಲಿಕ್ಕೆ ನಾನು ಮೂರು ವಾರ ಕೂತಿದ್ದೇನೆ. ಮಕ್ಕಳು ಚರ್ಚೆ ಮಾಡಲಿ ಅಂತ ಒಂದು ವೇದಿಕೆ ಬೇರೆ ಇಟ್ಟೆವು. ಎಲ್ಲ ಆದ ಮೇಲೆ ಬಂಟ್ವಾಳದವರು ಕೇಳಿದರು, “ಹಾಜರಿ ಎಂತ ಮಾಡುದು?”

“ಲಾಗಿನ್ ಆದವರೇ ಹಾಜರು,” ಅಂದೆ ನಾನು. “ಸರ್ವರ್ ತಾನೇ ಬರೆದುಕೊಳ್ತದೆ. ಹೆಸರು ಕೂಗುವ ಐದು ನಿಮಿಷವೂ ಉಳೀತದೆ.”

ಪ್ರಾಧ್ಯಾಪಕರಿಗೆ ಖುಷಿಯೋ ಖುಷಿ. “ಎಕ್ಸಲೆಂಟ್ ಮೇಡಂ. ನಮಗೆ ಹಾಜರಿಯೇ ಡೇಟಾ ಆಗ್ತದೆ,” ಅಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು: ವರ್ಷ ಮುಗಿಯುವವರೆಗೆ ಸರ್ವರಿನ ದಾಖಲೆಯನ್ನು ಯಾರೂ ತೆರೆದು ನೋಡಬಾರದು, ನಡುವೆ ನೋಡಿದರೆ ನಾವು ಮಕ್ಕಳ ಹಿಂದೆ ಬೀಳುತ್ತೇವೆ, ಪ್ರಯೋಗ ಕೆಡುತ್ತದೆ. ಕೇಳಲಿಕ್ಕೆ ಸರಿಯಾಗಿಯೇ ಇತ್ತು. ನಾನು ಒಪ್ಪಿದೆ.

ಬೆಳ್ತಂಗಡಿಯಲ್ಲಿ ಮೂವತ್ತಾರು ಮಕ್ಕಳು, ಹನ್ನೆರಡು ಕಂಪ್ಯೂಟರ್. ಟೆಲಿಫೋನ್ ತಂತಿಯ ಇಂಟರ್ನೆಟ್. ನಮ್ಮ ಪಾಠದ ಪುಟ ತೆರೆಯಬೇಕಾದರೆ ಒಂದು ಸಲ ಹೋಗಿ ಚಹಾ ಕುಡಿದು ಬರಬಹುದು. ಒಬ್ಬರು ಒಳಗೆ ಹೋಗಲಿಕ್ಕೆ ಹತ್ತು ನಿಮಿಷ, ಅಷ್ಟರಲ್ಲಿ ಕರೆಂಟ್ ಹೋದರೆ ಪುನಃ ಹತ್ತು ನಿಮಿಷ. ಒಂದು ಕಂಪ್ಯೂಟರಿಗೆ ಮೂವರು ಕೂರಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರು ಹೊರಬಂದು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಒಳಹೋಗಬೇಕು ಅಂತ ಇಂಗ್ಲಿಷಿನಲ್ಲಿ ಸೂಚನೆ ಬರೆದು ಗೋಡೆಗೆ ಅಂಟಿಸಿದ್ದೆ. ಎಂಥ ಬುದ್ಧಿ ನನ್ನದು! ಒಳಹೋಗಲಿಕ್ಕೇ ಹತ್ತು ನಿಮಿಷ ಬೇಕಾದ ಕಡೆ ಇಪ್ಪತ್ತು ನಿಮಿಷಕ್ಕೆ ಆಳು ಬದಲಿಸಿ ಅಂತ ಹೇಳುವವಳಿಗೆ ಏನು ಹೇಳಬೇಕು.

ಶನಿವಾರ ಶನಿವಾರ ನಾನು ಬಸ್ಸಿನಲ್ಲಿ ಗುರುವಾಯನಕೆರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೆಳ್ತಂಗಡಿಗೆ ಹೋಗುತ್ತಿದ್ದೆ. ಮಕ್ಕಳು ಮೂರು ಮೂರು ಜನ ಪರದೆಗೆ ಮುಖ ಒಡ್ಡಿ ಕೂತಿರುತ್ತಿದ್ದರು. ತುಳುವಿನಲ್ಲಿ ಭಾರೀ ಗಲಾಟೆ. “ಮೆಲ್ಲ ಮಾತಾಡಿ, ಇದು ಸಂತೆ ಅಲ್ಲ,” ಅಂತ ಗದರಿಸಿ, ಎಲ್ಲ ಪುಟ ತೆರೆಯುತ್ತದಾ ಅಂತ ನೋಡಿ, ವಾಪಸ್ ಬರುತ್ತಿದ್ದೆ. ಪರದೆಯ ಮೂಲೆಯಲ್ಲಿ ಯಾರ ಹೆಸರು ಉಂಟು ಅಂತ ಒಂದು ದಿನವೂ ನೋಡಲಿಲ್ಲ. ಚರ್ಚೆಯ ವೇದಿಕೆಯಲ್ಲಿ ಮಾತ್ರ ಇಡೀ ವರ್ಷ ಒಂದೇ ಒಂದು ಬರಹ ಬಂತು: ‘ಗುಡ್ ಮಾರ್ನಿಂಗ್ ಸರ್.’ ಅದೂ ಮಧ್ಯಾಹ್ನ ಮೂರು ಗಂಟೆಗೆ.

ಫೆಬ್ರವರಿಯಲ್ಲಿ ದಾಖಲೆ ತೆರೆದೆವು. ಮೂರು ಕಾಲೇಜಿನ ಕಾಗದದ ಕಟ್ಟನ್ನು ಪ್ರಾಧ್ಯಾಪಕರೇ ಕಾರಿನಲ್ಲಿ ತಂದರು. ಬೆಳ್ತಂಗಡಿಯ ಮೂವತ್ತಾರರಲ್ಲಿ ಹನ್ನೆರಡು ಮಂದಿ ಹೆಚ್ಚು ಕಡಿಮೆ ಪ್ರತಿ ಗಂಟೆಯೂ ಬಂದಿದ್ದಾರೆ, ಪ್ರಶ್ನೆಗಳಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಉತ್ತರ ಕೊಟ್ಟಿದ್ದಾರೆ. ಉಳಿದ ಇಪ್ಪತ್ತನಾಲ್ಕು ಮಂದಿಯ ಎದುರು ಸೊನ್ನೆ, ಹೆಚ್ಚೆಂದರೆ ಒಂದೋ ಎರಡೋ ದಿನ. ನಮ್ಮ ಮೂಡುಬಿದಿರೆಯದ್ದೂ ಹೆಚ್ಚು ಕಡಿಮೆ ಅದೇ ಕತೆ. ಬಂಟ್ವಾಳದಲ್ಲಿ ಅರ್ಧಕ್ಕರ್ಧ ನಾಪತ್ತೆ.

ನಾನು ಪ್ರಾಧ್ಯಾಪಕರ ಮುಖ ನೋಡಿದೆ. ಅವರು ನಗುತ್ತಿದ್ದರು. “ಬೇಜಾರು ಮಾಡ್ಬೇಡಿ ಮೇಡಂ. ಹೊರದೇಶದವರು ಬರೆದದ್ದೂ ಹೀಗೇ. ಆನ್‌ಲೈನ್ ಪಾಠದಲ್ಲಿ ಹೆಚ್ಚಿನವರು ಬಿಟ್ಟು ಹೋಗ್ತಾರೆ, ಉಳಿದವರು ಅದ್ಭುತವಾಗಿ ಕಲೀತಾರೆ. ನಮ್ಮ ಡೇಟಾ ಅದಕ್ಕೆ ಸರೀ ಕೂತಿದೆ,” ಅಂದರು. ಒಂದು ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವುದೂ ಆಗಲೇ ನಿಗದಿಯಾಗಿತ್ತು. ಗ್ರಾಮೀಣ ವಿದ್ಯಾರ್ಥಿಗಳ ನಿರಾಸಕ್ತಿ ಅಂತ ತಲೆಬರಹ. ನನಗೆ ಮಕ್ಕಳ ಮೇಲೆಯೇ ಸಿಟ್ಟು ಬಂತು. ಮೂರು ವಾರ ಕೂತು ಚಿತ್ರ ಮಾಡಿದ್ದೇನೆ, ಇವರಿಗೆ ಬಂದು ನೋಡಲಿಕ್ಕೆ ಏನು ದಾಡಿ ಅಂತ ಮನೆಯಲ್ಲೂ ಬೈದೆ.

ಬೆಳ್ತಂಗಡಿಯ ಕಾಲೇಜು ಆ ದಾಖಲೆಯಂತೆಯೇ ಹಾಜರಿ ಲೆಕ್ಕ ಹಾಕಿ, ಇಪ್ಪತ್ತನಾಲ್ಕು ಹೆಸರು ನೋಟಿಸ್ ಬೋರ್ಡಿಗೆ ಹಾಕಿತು. ಹಾಜರಿ ಕೊರತೆ, ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಒಂದು ವರ್ಷ ನೀರಿನಲ್ಲಿ.

ಎರಡು ದಿನ ಕಳೆದು ಮೂಡುಬಿದಿರೆಯ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಬೆಳ್ತಂಗಡಿಯ ವಿದ್ಯಾರ್ಥಿನಿ, ರೋಲ್ ನಂಬರ್ ಹದಿನೆಂಟು. ಮನೆ ಗುರುವಾಯನಕೆರೆಯಲ್ಲಿ, ತಂದೆಗೆ ಅಲ್ಲಿಯೇ ಬಟ್ಟೆ ಅಂಗಡಿ. ಮನೆಯಲ್ಲಿ ಬ್ಯಾರಿ ಭಾಷೆ ಆಡುವ ಮುಸ್ಲಿಂ ಮನೆತನದ ಹುಡುಗಿ, ತಲೆಗೆ ಶಾಲು ಸುತ್ತಿಕೊಂಡು, ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕನ್ನಡ ನಿಧಾನ, ಪುಸ್ತಕ ಓದಿದ ಹಾಗೆ.

“ಮೇಡಂ, ನಾನು ಒಂದು ಗಂಟೆಯೂ ತಪ್ಪಿಸಿಲ್ಲ. ನನ್ನ ಹೆಸರು ಬೋರ್ಡಿನಲ್ಲಿ ಉಂಟು.”

ನಾನು ಕಾಗದ ತೆಗೆದು ತೋರಿಸಿದೆ. “ನೋಡು, ಸೊನ್ನೆ. ಇಡೀ ವರ್ಷ ಸೊನ್ನೆ. ಮೆಷಿನ್ ಸುಳ್ಳು ಹೇಳ್ತದಾ?”

“ಅದು ನನಗೆ ಗೊತ್ತಿಲ್ಲ. ನಾನು ಬಂದಿದ್ದೇನೆ.”

“ಬಂದಿದ್ದೇನೆ ಬಂದಿದ್ದೇನೆ ಅಂತ ಹೇಳಿದ್ರೆ ಹೇಗೆ? ಬಂದವರು ಲಾಗಿನ್ ಆಗ್ಬೇಕಲ್ಲ?”

ಅವಳು ಒಂದು ಹೆಜ್ಜೆ ಒಳಗೆ ಬಂದಳು. ಆಮೇಲೆ ಹೇಳಿದಳು, “ಮೇಡಂ, ಡಿಗ್ರಿ ಮುಗಿಸಿದ್ರೆ ಬಿ.ಎಡ್.ಗೆ ಕಳಿಸ್ತೇನೆ ಅಂತ ಬಾಪ ಹೇಳಿದ್ದಾರೆ. ಒಂದು ವರ್ಷ ಮನೆಯಲ್ಲಿ ಕೂತರೆ ಆಮೇಲೆ ಬಿ.ಎಡ್. ಇಲ್ಲ. ಮದುವೆಯ ಮಾತು ಶುರುವಾಗಿ ಆಗಿದೆ.”

ಆವತ್ತು ನಾನು ಕೊಟ್ಟ ಉತ್ತರ ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. “ಇದನ್ನೆಲ್ಲ ಜೂನ್‌ನಲ್ಲಿ ಯೋಚನೆ ಮಾಡ್ಬೇಕಿತ್ತು,” ಅಂದೆ. ಅವಳು ಅಳಲಿಲ್ಲ. ನನ್ನನ್ನು ಒಮ್ಮೆ ನೇರ ನೋಡಿ, “ಬರ್ತೇನೆ ಮೇಡಂ,” ಅಂತ ಹೇಳಿ ಹೋದಳು.

ಆ ನೋಟ ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಸುಳ್ಳು ಹೇಳುವ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ನೆಲ ನೋಡುತ್ತಾರೆ, ಇಲ್ಲ ಜ್ವರದ ಕತೆ ಹೇಳುತ್ತಾರೆ. ಇವಳು ಎರಡೂ ಮಾಡಲಿಲ್ಲ. ಮಧ್ಯಾಹ್ನ ಪುನಃ ಕಾಗದ ಬಿಡಿಸಿದೆ. ಸೊನ್ನೆ ಬಂದವರನ್ನು ಬಿಟ್ಟು, ಬಂದವರ ರೋಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆಯುತ್ತಾ ಹೋದೆ. ಒಂದು, ನಾಲ್ಕು, ಏಳು, ಹತ್ತು, ಹದಿಮೂರು, ಹದಿನಾರು. ಪೆನ್ನು ಅಲ್ಲಿಗೇ ನಿಂತಿತು. ನಮ್ಮ ಮೂಡುಬಿದಿರೆಯ ಕಾಗದ ಎಳೆದೆ. ಒಂದು, ನಾಲ್ಕು, ಏಳು. ಬಂಟ್ವಾಳದಲ್ಲಿ ಕಂಪ್ಯೂಟರಿಗೆ ಇಬ್ಬರು. ಅಲ್ಲಿ ಒಂದು, ಮೂರು, ಐದು. ಆಸಕ್ತಿ ಎಂಬುದು ರೋಲ್ ನಂಬರ್ ನೋಡಿಕೊಂಡು ಬರುತ್ತದಾ?

ಭೌತಶಾಸ್ತ್ರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಉಪಕರಣ ಕಡಿಮೆ, ಹಾಗಾಗಿ ರೋಲ್ ನಂಬರಿನ ಪ್ರಕಾರ ಮೂವರ ಬ್ಯಾಚ್. ಬ್ಯಾಚಿನ ಮೊದಲ ನಂಬರಿನವರು ಉಪಕರಣದ ರಿಜಿಸ್ಟರಿಗೆ ಸಹಿ ಹಾಕಿ ಲೆನ್ಸೋ ಮೈಕ್ರೋಸ್ಕೋಪೋ ಪಡೆಯಬೇಕು. ಪ್ರಯೋಗ ಮೂವರದ್ದು, ಸಹಿ ಒಬ್ಬರದ್ದು. ಮೊದಲ ವರ್ಷದಿಂದ ಈ ಕ್ರಮವನ್ನು ಅವರ ತಲೆಗೆ ತುಂಬಿದವರು ನಾವೇ. ಎರಡು ವರ್ಷ ಅದೇ ಮಾಡಿದ ಮಕ್ಕಳು ಕಂಪ್ಯೂಟರ್ ಕಂಡಾಗಲೂ ಅದನ್ನೇ ಮಾಡಿದ್ದಾರೆ. ಮೊದಲ ನಂಬರಿನವರು ತಮ್ಮ ಹೆಸರಿನಲ್ಲಿ ಒಳಗೆ ಹೋಗಿದ್ದಾರೆ, ಮೂವರೂ ಕೂತು ಕಲಿತಿದ್ದಾರೆ.

ಆದರೂ ಅನುಮಾನ ಬಿಡಬೇಕಲ್ಲ. ಸೊನ್ನೆಯ ಸಾಲಿನಲ್ಲಿ ಅಲ್ಲಲ್ಲಿ ಒಂದೆರಡು ದಿನ ಹಾಜರಿ ಇತ್ತಲ್ಲ, ಅದನ್ನು ಹಿಡಿದೆ. ಐದನೇ ನಂಬರಿನವನು ವರ್ಷದಲ್ಲಿ ಎರಡೇ ದಿನ ಲಾಗಿನ್ ಆಗಿದ್ದ. ಮರುದಿನ ಬೆಳ್ತಂಗಡಿಗೆ ಹೋಗಿ ಆ ಎರಡು ದಿನದ ಗಣಿತ ತರಗತಿಯ ಹಾಜರಿ ಪುಸ್ತಕ ತೆಗೆಸಿದೆ. ಎರಡೂ ದಿನ ನಾಲ್ಕನೇ ನಂಬರಿನವನು ಗೈರು. ಮೊದಲಿನವನು ಇಲ್ಲದ ದಿನ ಎರಡನೆಯವನು ಸಹಿ ಹಾಕುವುದು, ಪ್ರಯೋಗಾಲಯದಲ್ಲಿಯೂ ಅದೇ ಕ್ರಮ.

ಅಲ್ಲಿಯ ಲ್ಯಾಬ್ ಅಟೆಂಡರ್, ಇಪ್ಪತ್ತು ವರ್ಷ ಆ ಕೋಣೆಯಲ್ಲೇ ದುಡಿದವರು, ನನ್ನ ತಲೆಬಿಸಿ ನೋಡಿ ಆಶ್ಚರ್ಯಪಟ್ಟರು. “ಹೌದಲ್ವಾ ಮೇಡಂ, ಬ್ಯಾಚಿನ ಫಸ್ಟ್ ನಂಬರಿನವರೇ ಹಾಕುದಲ್ವಾ? ನಾನೇ ಹಾಗೆ ಹೇಳಿದ್ದು. ನಿಮ್ಮ ಇಂಗ್ಲಿಷ್ ಚೀಟಿ ನೋಡಿ ಎಲ್ಲರೂ ಒಳಗೆ ಹೋಗಿ ಹೊರಗೆ ಬಂದ್ರೆ ಗಂಟೆ ಅಲ್ಲಿಗೇ ಮುಗೀತಿತ್ತು.”

“ನನಗೆ ಎಂತಕ್ಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ ಅಲ್ಲ ಮಾರಾಯ್ರೆ.”

ಕಲಿಕೆಯ ವಿನ್ಯಾಸ ಅಂತ ನಾವು ಮೂವರು ದೊಡ್ಡ ಸಂಶೋಧಕರು ಒಂದು ವರ್ಷ ಹೊರದೇಶದ ಪುಸ್ತಕ ಓದಿದೆವು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರು ನಾವು. ಒಬ್ಬನೇ ಒಬ್ಬ ಹುಡುಗನನ್ನು ಕರೆದು ‘ಹೇಗೆ ಕೂರ್ತೀರಿ, ಹೇಗೆ ಓದ್ತೀರಿ’ ಅಂತ ಕೇಳಿದ್ದರೆ ಮುಗಿದಿತ್ತು.

ಆ ವಾರವೇ ಬಂಟ್ವಾಳದ ಕಾಲೇಜಿನಲ್ಲಿ ಮೂವರೂ ಸೇರಿದೆವು. ಚೀಟಿ, ಹಾಜರಿ ಪುಸ್ತಕದ ನಕಲು, ಎಲ್ಲ ಮೇಜಿನ ಮೇಲೆ ಹರಡಿದೆ. ಪ್ರಾಧ್ಯಾಪಕರು ಓದಿದರು. ಅವರಿಗೆ ಅರ್ಥವಾಯಿತು, ಅದರಲ್ಲಿ ಸಂಶಯ ಇಲ್ಲ. ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು.

“ಮೇಡಂ, ಡೇಟಾ ಸಂಗ್ರಹ ಮುಗಿದಿದೆ. ಮುಗಿದ ಮೇಲೆ ಅದನ್ನು ಬದಲಿಸ್ಲಿಕ್ಕೆ ಆಗುದಿಲ್ಲ. ಅದು ನೈತಿಕತೆಯ ಪ್ರಶ್ನೆ,” ಅಂದರು.

ನೈತಿಕತೆ! ನನಗೆ ಮೈಯೆಲ್ಲ ಉರಿಯಿತು. “ಬದಲಿಸುದು ಬೇಡ ಸರ್. ಈ ಡೇಟಾ ಮಕ್ಕಳದ್ದಲ್ಲ, ಕಂಪ್ಯೂಟರುಗಳದ್ದು ಅಂತ ಬರೆಯುವ. ಹನ್ನೆರಡು ಕಂಪ್ಯೂಟರ್ ಒಂದು ದಿನವೂ ಗೈರಾಗಲಿಲ್ಲ, ಅಷ್ಟೇ ನಮಗೆ ಗೊತ್ತಿರುವುದು.”

“ಪ್ರಬಂಧ ಒಪ್ಪಿಗೆ ಆಗಿದೆ ಮೇಡಂ.”

“ಮಕ್ಕಳ ಹಾಲ್ ಟಿಕೆಟ್ ನಿಂತಿದೆ ಸರ್.”

ಆಗ ಅವರು ದಾರಿ ತೋರಿಸಿದರು. ಹಾಜರಿ ಕಡಿಮೆಯಾದವರು ವೈದ್ಯರ ಸರ್ಟಿಫಿಕೇಟ್ ಕೊಟ್ಟರೆ ಕೊರತೆಯನ್ನು ಮನ್ನಾ ಮಾಡುವ ಕ್ರಮ ಎಲ್ಲ ಕಾಲೇಜಿನಲ್ಲಿಯೂ ಉಂಟು. “ಎಲ್ಲರೂ ಒಂದೊಂದು ಸರ್ಟಿಫಿಕೇಟ್ ಕೊಡಲಿ. ತಂದೆ ತಾಯಿ ಸಹಿ ಹಾಕಲಿ. ಹಾಲ್ ಟಿಕೆಟ್ ಸಿಗ್ತದೆ, ನಮ್ಮ ಕೆಲಸವೂ ಕೆಡುದಿಲ್ಲ.” ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಂಟ್ವಾಳದವರು ಹಾಯಾಗಿ ಉಸಿರು ಬಿಟ್ಟರು. ಅವರು ಒಳ್ಳೆಯವರು, ಯಾರಿಗೂ ಕೆಟ್ಟದ್ದು ಬಯಸುವವರಲ್ಲ, ಅದೇ ದೊಡ್ಡ ಉಪದ್ರ. “ಆಯ್ತಲ್ಲ ಮಾರಾಯ್ರೆ. ಮಕ್ಕಳು ಪರೀಕ್ಷೆ ಬರೆದ್ರೆ ಆಯ್ತು,” ಅಂದರು.

ನಾನೂ ತಲೆಯಾಡಿಸಿದೆ. ಹೌದು, ಆಡಿಸಿದೆ. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು, ಮಕ್ಕಳ ವರ್ಷ ಹಾಳಾಗದಿದ್ದರೆ ಸಾಕು ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ನಿಯಮ ಬರೆದವಳ ಹೆಸರು ಹೊರಗೆ ಬರುವುದಿಲ್ಲ ಎಂಬ ನೆಮ್ಮದಿಯೂ ಒಳಗೊಳಗೇ ಇತ್ತು.

ಒಂದು ವಾರದಲ್ಲಿ ಬೆಳ್ತಂಗಡಿಯ ಕಚೇರಿಗೆ ಸರ್ಟಿಫಿಕೇಟುಗಳು ಬಂದವು. ಒಬ್ಬನಿಗೆ ಟೈಫಾಯಿಡ್, ಒಬ್ಬಳಿಗೆ ಕಾಮಾಲೆ, ಉಳಿದವರಿಗೆಲ್ಲ ವೈರಲ್ ಜ್ವರ. ಎಲ್ಲರಿಗೂ ಆನ್‌ಲೈನ್ ಪಾಠದ ಗಂಟೆಗೆ ಸರಿಯಾಗಿ ಜ್ವರ ಬಂದಿದೆ, ಅದೇ ದಿನ ಮುಂದಿನ ಗಂಟೆಯ ಗಣಿತಕ್ಕೆ ಇಳಿದಿದೆ. ಕಚೇರಿಯಲ್ಲಿ ಯಾರೂ ಇದನ್ನು ಪ್ರಶ್ನೆ ಮಾಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮಲ್ಲಿ ಎಮ್ಮೆಯ ಕೈಯಿಂದಲೇ ‘ನನಗೆ ಜ್ವರ ಇತ್ತು’ ಅಂತ ಬರೆಸಿಕೊಂಡೆವು.

ಇಪ್ಪತ್ತಮೂರು ಸರ್ಟಿಫಿಕೇಟ್ ಬಂತು. ಹದಿನೆಂಟನೇ ನಂಬರಿನದ್ದು ಬರಲಿಲ್ಲ.

ಕಡೆಯ ದಿನ ಬೆಳಿಗ್ಗೆ ಬೆಳ್ತಂಗಡಿಯ ಪ್ರಾಂಶುಪಾಲರು ನನಗೆ ಫೋನ್ ಮಾಡಿದರು. “ಆ ಹುಡುಗಿ ಹಟ ಹಿಡಿದು ಕೂತಿದ್ದಾಳೆ. ಸಂಜೆ ಹಾಲ್ ಟಿಕೆಟ್ ಪಟ್ಟಿ ಕಳಿಸ್ಬೇಕು. ನೀವೇ ಬಂದು ಬುದ್ಧಿ ಹೇಳಿ.” ನಾನು ಪಾಠ ಬಿಟ್ಟು ಬಸ್ಸು ಹತ್ತಿದೆ.

ಪ್ರಾಂಶುಪಾಲರ ಕೋಣೆಯಲ್ಲಿ ಅವಳು ಗೋಡೆಯ ಬದಿಯಲ್ಲಿ ನಿಂತಿದ್ದಳು. ಮೇಜಿನ ಮೇಲೆ ಖಾಲಿ ಅರ್ಜಿ. ‘ನಾನು ಅನಾರೋಗ್ಯದ ಕಾರಣ ತರಗತಿಗಳಿಗೆ ಗೈರುಹಾಜರಾಗಿದ್ದು’ ಅಂತ ಅಚ್ಚು ಹಾಕಿದ ಒಕ್ಕಣೆ, ಕೆಳಗೆ ಸಹಿಗೆ ಜಾಗ.

“ನಿನ್ನ ತಂದೆ ಏನು ಹೇಳ್ತಾರೆ?” ಅಂತ ಕೇಳಿದೆ.

“ಬಾಪ ಸಹಿ ಹಾಕ್ತೇನೆ ಅಂದ್ರು. ನಾನೇ ಬೇಡ ಅಂದೆ.”

“ಎಂತಕ್ಕೆ? ಎಲ್ಲರೂ ಕೊಟ್ಟಿದ್ದಾರಲ್ಲ?”

“ನಾನು ಬಂದಿದ್ದೇನೆ ಮೇಡಂ. ಬಂದವಳು ಬರಲಿಲ್ಲ ಅಂತ ಬರೆದು, ಅದಕ್ಕೆ ಕ್ಷಮೆ ಬೇರೆ ಕೇಳ್ಬೇಕಾ? ನಾಳೆ ನಾನು ಟೀಚರ್ ಆದ್ರೆ ಮಕ್ಕಳಿಗೆ ಎಂತ ಹೇಳುದು?” ಸ್ವರ ನಡುಗುತ್ತಿತ್ತು. ಹೆದರಿಕೆಯಿಂದ ಅಲ್ಲ, ಕೋಪದಿಂದ. ನನ್ನ ಕೋಪವನ್ನು ಚೆನ್ನಾಗಿ ಬಲ್ಲವಳು ನಾನು, ಬೇರೆಯವರದ್ದೂ ಗುರುತು ಹಿಡಿಯುತ್ತೇನೆ.

ಪ್ರಾಂಶುಪಾಲರು ಗಡಿಯಾರ ನೋಡಿದರು. “ಪಾಠಕ್ಕೆ ಕೂತಿದ್ದಾಳೆ ಅಂತ ಇಟ್ಟುಕೊಳ್ಳುವ. ಸುಮ್ಮನೆ ಕೂತದ್ದೋ ಕಲಿತದ್ದೋ ಯಾರಿಗೆ ಗೊತ್ತು?” ಅಂದರು.

ಆ ಮಾತು ಅವರು ಆಡದಿದ್ದರೆ ಬಹುಶಃ ನಾನೂ ಅವಳಿಗೆ ಬುದ್ಧಿ ಹೇಳಿ ಸಹಿ ಹಾಕಿಸುತ್ತಿದ್ದೆ. “ಸರಿ, ಈಗಲೇ ನೋಡುವ,” ಅಂತ ಅವಳ ಕಡೆ ತಿರುಗಿದೆ. “ನ್ಯೂಟನ್ನನ ಉಂಗುರದಲ್ಲಿ ನಡು ಭಾಗ ಎಂತಕ್ಕೆ ಕಪ್ಪು? ತುಳುವಿನಲ್ಲಿ ಬೇಕಾದ್ರೂ ಹೇಳು.”

ಅವಳು ಕನ್ನಡದಲ್ಲಿಯೇ ಹೇಳಿದಳು. “ನಡುವಿನಲ್ಲಿ ಲೆನ್ಸು ಗಾಜಿಗೆ ತಾಗಿರ್ತದೆ, ಗಾಳಿಯ ಪದರ ಇಲ್ಲ. ಹಾಗಾಗಿ ಎರಡು ಅಲೆಯ ದಾರಿಯಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇಲ್ಲದಿದ್ರೆ ಬೆಳಕು ಕಾಣ್ಬೇಕಿತ್ತು. ಆದ್ರೆ ಗಾಳಿಯಿಂದ ಹೋಗಿ ಕೆಳಗಿನ ಗಾಜಿಗೆ ಬಡಿದ ಅಲೆ ಮಗುಚಿಕೊಂಡು ವಾಪಸ್ ಬರ್ತದೆ. ಮೇಲೆ ಲೆನ್ಸಿನ ಅಂಚಿನಿಂದಲೇ ವಾಪಸ್ ಬಂದದ್ದು ಮಗುಚುದಿಲ್ಲ. ಒಂದು ಏರುವಾಗ ಇನ್ನೊಂದು ಇಳೀತದೆ, ಎರಡೂ ಸೇರಿ ಏನೂ ಉಳಿಯುದಿಲ್ಲ. ಅದಕ್ಕೆ ಕಪ್ಪು.” ಒಂದು ಕ್ಷಣ ನಿಲ್ಲಿಸಿ ಸೇರಿಸಿದಳು, “ನಿಮ್ಮ ಚಿತ್ರದಲ್ಲಿ ಅದು ತಪ್ಪುಂಟು ಮೇಡಂ.”

“ಎಂತ ತಪ್ಪು?”

“ಅದರಲ್ಲಿ ಎರಡೂ ಅಲೆ ಮಗುಚುತ್ತದೆ. ಹಾಗಾದ್ರೆ ನಡು ಭಾಗ ಬೆಳಕು ಆಗ್ಬೇಕು. ನಾವು ಮೂವರೂ ಎರಡು ದಿನ ಅದಕ್ಕೇ ಜಗಳ ಮಾಡಿದ್ದೇವೆ. ಆಮೇಲೆ ಲೈಬ್ರರಿಯ ಪುಸ್ತಕ ನೋಡಿ ಚಿತ್ರವೇ ತಪ್ಪು ಅಂತ ತೀರ್ಮಾನ ಮಾಡಿದೆವು.”

ಮೂರು ವಾರ ಕೂತು ಮಾಡಿದ ಚಿತ್ರ. ಕಣ್ಣು ಮುಚ್ಚಿ ಅದನ್ನು ನೆನಪಿಸಿಕೊಂಡೆ. ಅವಳು ಹೇಳಿದ್ದು ಸರಿ. “ವೇದಿಕೆಯಲ್ಲಿ ಬರೀಬಹುದಿತ್ತಲ್ಲ?” ಅಂತ ಕೇಳಿದೆ, ಸ್ವರ ಇಳಿದಿತ್ತು.

“ಅದು ಹದಿನಾರನೇ ನಂಬರಿನವಳ ಹೆಸರಿನಲ್ಲಿ ಹೋಗ್ತದೆ. ಮೇಡಮಿನದ್ದು ತಪ್ಪು ಅಂತ ತನ್ನ ಹೆಸರಿನಲ್ಲಿ ಬರೀಲಿಕ್ಕೆ ಅವಳು ಹೆದರಿದ್ಳು.”

ನಾನು ಪ್ರಾಂಶುಪಾಲರ ಮೇಜಿನಿಂದ ಒಂದು ಬಿಳಿ ಹಾಳೆ ಎಳೆದುಕೊಂಡೆ. ನಿಂತಲ್ಲಿಯೇ ಬರೆದೆ. ಆನ್‌ಲೈನ್ ಪಾಠದ ಹಾಜರಿಯ ನಿಯಮ ಮಾಡಿದವಳು ನಾನು. ಒಂದು ಕಂಪ್ಯೂಟರಿಗೆ ಮೂವರು ಕೂರುವ ಕಡೆ ಆ ನಿಯಮ ನಡೆಯುವಂಥದ್ದಲ್ಲ. ಮೂವರಲ್ಲಿ ಇಬ್ಬರನ್ನು ಅದು ಗೈರು ಅಂತ ತೋರಿಸಿದೆ. ಈ ಕಾಲೇಜಿನ ಇಪ್ಪತ್ತನಾಲ್ಕು ಮಂದಿಯೂ ಹಾಜರಿದ್ದರು, ಹಾಜರಿ ಕೊರತೆ ಅವರದ್ದಲ್ಲ, ತಪ್ಪು ನನ್ನದು. ಕೆಳಗೆ ಸಹಿ, ಹುದ್ದೆ, ತಾರೀಕು.

ಪ್ರಾಂಶುಪಾಲರು ಎರಡು ಸಲ ಓದಿದರು. “ಇದು ಕಡತಕ್ಕೆ ಹೋದ್ರೆ ನಿಮಗೇ ತೊಂದರೆ ಮೇಡಂ.”

“ಹೋಗ್ಲಿ. ಇವಳ ಹಾಲ್ ಟಿಕೆಟ್ ಕೊಡಿ. ಉಳಿದವರ ಸರ್ಟಿಫಿಕೇಟ್ ವಾಪಸ್ ಕೊಟ್ಟುಬಿಡಿ.”

“ಇವಳದ್ದು ಮಾಡುವ. ಉಳಿದವರದ್ದು ಮುಗಿದಿದೆ. ಮುಗಿದದ್ದನ್ನು ಪುನಃ ಬಿಚ್ಚಿಸ್ಬೇಡಿ.”

ನಾನು ಜಗಳ ಮಾಡಿದೆ. ಆ ಕೋಣೆಯಲ್ಲಿ ಅಷ್ಟು ದೊಡ್ಡ ಸ್ವರದಲ್ಲಿ ಹೆಂಗಸೊಬ್ಬಳು ಮಾತಾಡಿದ್ದು ಅದೇ ಮೊದಲಿರಬೇಕು, ಕಚೇರಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಆದರೆ ಇಪ್ಪತ್ತಮೂರು ಸರ್ಟಿಫಿಕೇಟುಗಳು ಕಪಾಟಿನಿಂದ ಅಲುಗಲಿಲ್ಲ. ಸಂಜೆಯ ಪಟ್ಟಿಯಲ್ಲಿ ಹದಿನೆಂಟನೇ ನಂಬರ್ ಸೇರಿತು. ಅಷ್ಟು ಮಾತ್ರ ನನ್ನಿಂದಾಯಿತು.

ನನ್ನ ಪತ್ರ ನನಗಿಂತ ಮೊದಲೇ ಮೂಡುಬಿದಿರೆ ತಲುಪಿತು ಅಂತ ಕಾಣುತ್ತದೆ. ಮರುದಿನವೇ ನಮ್ಮ ಕಾಲೇಜಿನಿಂದ ಕಾರಣ ಕೇಳಿ ನೋಟಿಸ್. ಪ್ರಾಧ್ಯಾಪಕರು ಫೋನ್ ಮಾಡಿ, ತಂಡದಲ್ಲಿ ವಿಶ್ವಾಸ ಮುಖ್ಯ ಅಂತ ಪಾಠ ಹೇಳಿದರು. ಪ್ರಬಂಧದಲ್ಲಿ ನನ್ನ ಹೆಸರು ಬೇಡ ಅಂದೆ. “ನಾವೂ ಅದನ್ನೇ ಯೋಚನೆ ಮಾಡಿದ್ದೆವು,” ಅಂದರು. ಬಂಟ್ವಾಳದವರನ್ನು ಕರೆದು, ಅವರ ಕಾಲೇಜಿನ ಮಕ್ಕಳ ಬಗ್ಗೆಯೂ ಹೀಗೆ ಒಂದು ಪತ್ರ ಬರೆಯಿರಿ ಅಂತ ಎರಡು ಸಲ ಕೇಳಿಕೊಂಡೆ. “ಬಿಡಿ ಮಾರಾಯ್ರೆ, ಎಲ್ಲ ಪಾಸಾಗಿ ಹೋಗ್ತಾರೆ,” ಅಂದರು. ಪಾಸಾಗಿ ಹೋದರು ಕೂಡ. ನಮ್ಮ ಕಾಲೇಜಿನ ಮಕ್ಕಳ ಹಾಜರಿಯನ್ನು, ಹಾಲ್ ಟಿಕೆಟ್ ಪಟ್ಟಿ ಹೋಗುವ ಮೊದಲು, ನಾನೇ ಒಬ್ಬೊಬ್ಬರನ್ನೂ ಕರೆದು ಮೌಖಿಕ ಪರೀಕ್ಷೆ ಮಾಡಿ ಸರಿಪಡಿಸಿದೆ. ನೋಟಿಸಿಗೆ ಉತ್ತರ ಬರೆಯುವುದರಲ್ಲಿಯೇ ಆ ಬೇಸಿಗೆ ಕಳೆಯಿತು.

ರಜೆ ಮುಗಿದು ಕಾಲೇಜು ಪುನಃ ತೆರೆದಾಗ ಸಮ್ಮೇಳನದ ಪುಸ್ತಕ ನಮ್ಮ ಲೈಬ್ರರಿಗೆ ಬಂತು. ಹುಡುಕಿ ತೆಗೆದು ಓದಿದೆ. ಅದೇ ತಲೆಬರಹ, ಅದೇ ನಿರಾಸಕ್ತಿ. ನಡುವೆ ಒಂದು ಕೋಷ್ಟಕ: ವಿದ್ಯಾರ್ಥಿಗಳು ಆನ್‌ಲೈನ್ ಪಾಠ ಬಿಡಲು ಕಾರಣಗಳು. 'ಕಾಲೇಜುಗಳ ಕಚೇರಿ ದಾಖಲೆಯಿಂದ ಪಡೆದದ್ದು' ಅಂತ ಟಿಪ್ಪಣಿ. ಮೊದಲ ಕಾರಣ, ಎಲ್ಲಕ್ಕಿಂತ ದೊಡ್ಡ ಕಾರಣ, ಅನಾರೋಗ್ಯ. ಗ್ರಾಮೀಣ ಮಕ್ಕಳ ಆರೋಗ್ಯ ಸುಧಾರಿಸದೆ ಆನ್‌ಲೈನ್ ಶಿಕ್ಷಣ ಯಶಸ್ವಿಯಾಗದು ಅಂತ ಒಂದು ಶಿಫಾರಸು ಬೇರೆ. ನಾನು ಲೈಬ್ರರಿಯಲ್ಲಿ ಕೂತು ಗಟ್ಟಿಯಾಗಿಯೇ ಒಂದು ಕೆಟ್ಟ ಮಾತು ಬೈದೆ. ಆಚೆ ಮೇಜಿನ ಮಕ್ಕಳು ತಲೆಯೆತ್ತಿ ನೋಡಿದರು.

ಆ ಮಳೆಗಾಲದಲ್ಲಿ ಹದಿನೆಂಟನೇ ನಂಬರಿನವಳು ಬಿ.ಎಡ್. ಅರ್ಜಿಗೆ ನನ್ನಿಂದ ಒಂದು ಶಿಫಾರಸು ಪತ್ರ ಕೇಳಿಕೊಂಡು ಬಂದಳು. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು. ಪತ್ರ ಬರೆದು ಕೊಟ್ಟೆ. ಆಮೇಲೆ ತಡೆಯಲಾಗದೆ ಆ ಪುಸ್ತಕ ತೆರೆದು ಕೋಷ್ಟಕ ತೋರಿಸಿದೆ. ಅವಳು ಬೆರಳಿಟ್ಟು ಸಾಲು ಸಾಲು ಓದಿದಳು. ನಾನು ನೋಡದೆ ಬಿಟ್ಟಿದ್ದ ಸಾಲು ಅವಳಿಗೆ ಸಿಕ್ಕಿತು, ಕೋಷ್ಟಕದ ಕೆಳಗೆ, ಸಣ್ಣ ಅಕ್ಷರದಲ್ಲಿ: ಮಾಹಿತಿ ಹೊಂದಿಕೆಯಾಗದ ಕಾರಣ ಬೆಳ್ತಂಗಡಿಯ ಒಬ್ಬ ವಿದ್ಯಾರ್ಥಿಯನ್ನು ಈ ಅಧ್ಯಯನದಿಂದ ಕೈಬಿಡಲಾಗಿದೆ.

“ಇದು ನಾನಲ್ವಾ?” ಅಂದಳು.

“ಹೌದು.”

“ಇದರಲ್ಲಿಯೂ ನಾನು ಆಬ್ಸೆಂಟಾ ಮೇಡಂ?”

ನಾನು ಪೆನ್ನು ತೆಗೆದು, ಲೈಬ್ರರಿಯ ಪುಸ್ತಕ ಅಂತಲೂ ನೋಡದೆ, ಆ ಸಾಲಿನ ಪಕ್ಕ ಬರೆದೆ: ‘ರೋಲ್ ನಂಬರ್ ಹದಿನೆಂಟು, ಹಾಜರು.’